ಮರಿಯ ಬೆಳವಣಿಗೆಗೆ ಬುನಾದಿ: ಗಬ್ಬದ ಕೊನೆಯ ಆರು ವಾರ, ಗಿಣ್ಣಿನ ಮೊದಲ ದಿನ

ಹುಟ್ಟಿದ ಕುರಿಮರಿ ಮುಂದೆ ಮೈತುಂಬಿ ಬೆಳೆಯುತ್ತದೋ, ಸೊರಗಿ ಹಿಂದೆ ಬೀಳುತ್ತದೋ ಎಂಬುದು ಬಹುಮಟ್ಟಿಗೆ ಅದು ಹುಲ್ಲಿಗೆ ಬಾಯಿ ಹಾಕುವ ಮೊದಲೇ ತೀರ್ಮಾನವಾಗಿರುತ್ತದೆ. ತಾಯಿಯ ಗರ್ಭದಲ್ಲಿ ಕಳೆದ ಕೊನೆಯ ಆರು ವಾರ ಮತ್ತು ಭೂಮಿಗೆ ಬಿದ್ದ ಮೊದಲ ಇಪ್ಪತ್ನಾಲ್ಕು ಗಂಟೆ, ಈ ಎರಡು ಅವಧಿಗಳಲ್ಲಿ ಮರಿಯ ಮೈಯೊಳಗೆ ಬೆಳವಣಿಗೆಯ ಲೆಕ್ಕಾಚಾರವೇ ಬದಲಾಗುತ್ತದೆ. ಆ ಬದಲಾವಣೆಯನ್ನು ನಡೆಸುವ ಸಣ್ಣ ಪ್ರೋಟೀನುಗಳಿಗೆ ವಿಜ್ಞಾನಿಗಳು ಬೆಳವಣಿಗೆ ಕಾರಕಗಳು ಎಂದು ಹೆಸರಿಟ್ಟಿದ್ದಾರೆ. ಇವು ತಾಯಿಯ ರಕ್ತದಲ್ಲಿ, ಮಾಸಿನಲ್ಲಿ, ಮರಿಯ ಯಕೃತ್ತಿನಲ್ಲಿ ಮತ್ತು ಈದ ದಿನ ಕೆಚ್ಚಲಲ್ಲಿ ತುಂಬಿರುವ ಗಿಣ್ಣು ಹಾಲಿನಲ್ಲಿ ಇರುತ್ತವೆ.

ಚಿತ್ರದುರ್ಗ ಜಿಲ್ಲೆಗೆ ಇದು ಬದುಕಿನ ವಿಷಯ. ರಾಜ್ಯದಲ್ಲಿ ಅತಿ ಹೆಚ್ಚು ಕುರಿಗಳಿರುವ ಜಿಲ್ಲೆಗಳ ಸಾಲಿನಲ್ಲಿ ಚಿತ್ರದುರ್ಗವೂ ಇದೆ. ಹಿರಿಯೂರಿನ ಎರೆಹೊಲ, ಹೊಸದುರ್ಗದ ಸಾವೆ ಬೆಳೆಯುವ ಕೆಂಪು ನೆಲ, ಹೊಳಲ್ಕೆರೆಯ ಅಡಿಕೆ ತೋಟಗಳಾಚೆಯ ಬೀಳು, ಚಿತ್ರದುರ್ಗದ ಸುತ್ತಲ ಕಲ್ಲುಗುಡ್ಡ, ಎಲ್ಲೆಲ್ಲೂ ಕುರಿಮಂದೆಗಳು ಕಾಣುತ್ತವೆ. ಕುರುಬರು, ಕಾಡುಗೊಲ್ಲರು, ಮ್ಯಾಸಬೇಡರು ತಲೆಮಾರುಗಳಿಂದ ಕುರಿ, ದನ ಕಾಯುತ್ತ ಬಂದಿದ್ದಾರೆ. ಮಳೆ ಕೈಕೊಟ್ಟ ವರ್ಷ ಶೇಂಗಾ ಒಣಗಿದರೂ ಮನೆ ನಡೆಸುವುದು ರೊಪ್ಪದಲ್ಲಿರುವ ಮರಿಗಳೇ. ಒಂದು ಮರಿ ಸತ್ತರೆ ಐದು ತಿಂಗಳ ಗಬ್ಬ, ಅಷ್ಟು ದಿನ ಮೇಯಿಸಿದ ಶ್ರಮ, ಮುಂದೆ ಬರಬೇಕಾದ ಆದಾಯ ಮೂರೂ ಒಟ್ಟಿಗೆ ಹೋಗುತ್ತವೆ.

ಬೆಳವಣಿಗೆ ಕಾರಕ ಎಂದರೇನು

ದೇಹದ ಜೀವಕೋಶಗಳು ತಾವಾಗಿಯೇ ಬೆಳೆದು ಒಡೆದು ಎರಡಾಗುವುದಿಲ್ಲ. ಬೆಳೆಯಲು ಹೊರಗಿನಿಂದ ಒಂದು ಸೂಚನೆ ಬೇಕು. ಆ ಸೂಚನೆ ಹೊತ್ತು ತರುವ ಪ್ರೋಟೀನೇ ಬೆಳವಣಿಗೆ ಕಾರಕ. ಅದು ಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ಅಂಟಿಕೊಂಡಾಗ ಒಳಗಿನ ಯಂತ್ರಾಂಗ ಚಾಲನೆಗೊಂಡು, ಕೋಶ ಪ್ರೋಟೀನು ಕಟ್ಟಲು, ವಿಭಜನೆಯಾಗಲು ತೊಡಗುತ್ತದೆ.

ಇವುಗಳ ಪತ್ತೆಯ ಕಥೆಯಲ್ಲಿ ಎಳೆಯ ಪ್ರಾಣಿಗಳಿಗೇ ಮುಖ್ಯ ಪಾತ್ರ. 1950ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ನರಗಳನ್ನು ಬೆಳೆಸುವ ಕಾರಕವನ್ನು ಗುರುತಿಸಿದರು. ಆ ಕೆಲಸದ ನಡುವೆ ಕೋಹೆನ್ ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಹಸುಳೆ ಇಲಿಮರಿಗಳಿಗೆ ಚುಚ್ಚಿದಾಗ, ಎರಡು ವಾರದ ಹೊತ್ತಿಗೆ ತೆರೆಯಬೇಕಾದ ಅವುಗಳ ಕಣ್ಣು ಒಂದೇ ವಾರದಲ್ಲಿ ತೆರೆದವು. ಕಣ್ರೆಪ್ಪೆಯ ಚರ್ಮ ಬೇಗ ಬಲಿತದ್ದೇ ಇದಕ್ಕೆ ಕಾರಣ. ಚರ್ಮ ಮತ್ತು ಕರುಳಿನ ಒಳಪದರವನ್ನು ಬೆಳೆಸುವ ಈ ವಸ್ತುವಿಗೆ ಇಜಿಎಫ್ ಎಂಬ ಹೆಸರು ಬಂತು. ಇಬ್ಬರಿಗೂ 1986ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಮೈಯ ಒಟ್ಟು ಬೆಳವಣಿಗೆಯಲ್ಲಿ ಹೆಚ್ಚು ಮುಖ್ಯವಾದವು ಇನ್ಸುಲಿನ್ನನ್ನು ಹೋಲುವ ಎರಡು ಕಾರಕಗಳು, ಐಜಿಎಫ್-1 ಮತ್ತು ಐಜಿಎಫ್-2. ಬೆಳವಣಿಗೆಯ ಹಾರ್ಮೋನು ಎಲುಬಿನ ಮೇಲೆ ನೇರವಾಗಿ ಅಲ್ಲದೆ ರಕ್ತದಲ್ಲಿರುವ ಮತ್ತೊಂದು ವಸ್ತುವಿನ ಮೂಲಕ ಕೆಲಸ ಮಾಡುತ್ತಿರಬೇಕು ಎಂದು 1957ರಲ್ಲಿ ಸಾಲ್ಮನ್ ಮತ್ತು ಡಾಡೆ ಎಂಬ ಅಮೆರಿಕದ ವೈದ್ಯ ವಿಜ್ಞಾನಿಗಳು ತೋರಿಸಿದರು. 1978ರಲ್ಲಿ ಸ್ವಿಟ್ಜರ್ಲೆಂಡಿನ ರಿಂಡರ್‌ಕ್ನೆಕ್ಟ್ ಮತ್ತು ಹುಂಬೆಲ್ ಈ ಕಾರಕಗಳ ರಚನೆಯನ್ನು ಬಿಡಿಸಿಟ್ಟರು. ಐಜಿಎಫ್-1ರಲ್ಲಿ 70, ಐಜಿಎಫ್-2ರಲ್ಲಿ 67 ಅಮೈನೋ ಆಮ್ಲಗಳಿವೆ. ರಕ್ತದಲ್ಲಿ ಇವು ಬಿಡಿಬಿಡಿಯಾಗಿ ಸುತ್ತುವುದು ಕಡಿಮೆ. ಆರು ಬಗೆಯ ಬಂಧಕ ಪ್ರೋಟೀನುಗಳು ಇವನ್ನು ಹಿಡಿದಿಟ್ಟುಕೊಂಡು ಬೇಕಾದ ಕಡೆ ಬೇಕಾದಷ್ಟು ಬಿಡುತ್ತವೆ.

ಎರಡರ ಕೆಲಸದಲ್ಲಿರುವ ವ್ಯತ್ಯಾಸ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಸ್ಪಷ್ಟವಾಯಿತು. ಐಜಿಎಫ್-2ರ ವಂಶವಾಹಿ ಇಲ್ಲದ ಇಲಿಮರಿ ಹುಟ್ಟುವಾಗ ಸಾಮಾನ್ಯ ತೂಕದ ಶೇ 60ರಷ್ಟೇ ಇರುತ್ತದೆ, ಆದರೆ ಹುಟ್ಟಿದ ಮೇಲೆ ಅದರ ಬೆಳವಣಿಗೆಯ ವೇಗ ಸರಿಯಾಗಿಯೇ ಇರುತ್ತದೆ. ಐಜಿಎಫ್-1 ಇಲ್ಲದ ಮರಿಯೂ ಅಷ್ಟೇ ಚಿಕ್ಕದಾಗಿ ಹುಟ್ಟುತ್ತದೆ, ಬದುಕಿದರೂ ಆಮೇಲೆ ಇನ್ನಷ್ಟು ಹಿಂದೆ ಬೀಳುತ್ತದೆ. ಅಂದರೆ ಐಜಿಎಫ್-2 ಮುಖ್ಯವಾಗಿ ಗರ್ಭದೊಳಗಿನ ಬೆಳವಣಿಗೆಯನ್ನು ನೋಡಿಕೊಳ್ಳುತ್ತದೆ, ಐಜಿಎಫ್-1 ಗರ್ಭದಲ್ಲೂ ಹೊರಗೂ ಬೇಕು.

ಗರ್ಭದೊಳಗೆ

ಕುರಿಯ ಗಬ್ಬ ಸುಮಾರು 150 ದಿನಗಳದು. ಮೊದಲ ಅರ್ಧದಲ್ಲಿ ಬೆಳೆಯುವುದು ಮಾಸು. ಕುರಿಯ ಮಾಸು ಒಂದೇ ಹಾಳೆಯಂತಿರುವುದಿಲ್ಲ. ಎಪ್ಪತ್ತರಿಂದ ನೂರರಷ್ಟು ಗುಂಡಿಗಳು ಗರ್ಭಕೋಶದ ಗೋಡೆಗೆ ಅಲ್ಲಲ್ಲಿ ಕಚ್ಚಿಕೊಂಡಿರುತ್ತವೆ. ತಾಯಿಯ ರಕ್ತ ಮತ್ತು ಮರಿಯ ರಕ್ತ ಒಂದಕ್ಕೊಂದು ಬೆರೆಯದೆ, ಈ ಗುಂಡಿಗಳಲ್ಲಿ ಅಕ್ಕಪಕ್ಕ ಹರಿದು ಆಮ್ಲಜನಕ, ಗ್ಲೂಕೋಸು, ಅಮೈನೋ ಆಮ್ಲಗಳನ್ನು ಕೈ ಬದಲಾಯಿಸುತ್ತವೆ. ಮಾಸಿನ ಬೆಳವಣಿಗೆ ಮೂರನೆಯ ತಿಂಗಳಿನಲ್ಲಿ ಮುಗಿಯುತ್ತದೆ. ಆಮೇಲೆ ಮರಿಗೆ ಎಷ್ಟು ಆಹಾರ ಸಿಗುತ್ತದೆಂಬುದು ಆ ಮಾಸಿನ ಗಾತ್ರವನ್ನು ಅವಲಂಬಿಸಿರುತ್ತದೆ. ಗಬ್ಬದ ಮೊದಲರ್ಧದಲ್ಲಿ ತಾಯಿ ತೀರಾ ಬಡಕಲಾಗಿದ್ದರೆ ಅದರ ಪರಿಣಾಮ ಕೊನೆಯಲ್ಲಿ ಕಾಣುವುದು ಇದರಿಂದಲೇ.

ಮರಿಯ ತೂಕದ ಮುಕ್ಕಾಲು ಭಾಗದಷ್ಟು ಕೂಡಿಕೊಳ್ಳುವುದು ಕೊನೆಯ ಆರು ವಾರಗಳಲ್ಲಿ. ಬಳ್ಳಾರಿ ತಳಿಯ ಮರಿ ಹುಟ್ಟುವಾಗ ಸುಮಾರು ಎರಡೂವರೆಯಿಂದ ಮೂರು ಕಿಲೋ ತೂಗುತ್ತದೆ. ಅದರಲ್ಲಿ ಎರಡು ಕಿಲೋದಷ್ಟು ಆ ನಲವತ್ತೈದು ದಿನಗಳ ಸಂಪಾದನೆ. ಈ ಹೊತ್ತಿನಲ್ಲಿ ತಾಯಿಗೆ ಮೇವು ಸಾಲದಿದ್ದರೆ ಅದರ ರಕ್ತದ ಗ್ಲೂಕೋಸು ಇಳಿಯುತ್ತದೆ, ಮಾಸಿನ ಮೂಲಕ ಮರಿಗೆ ಹೋಗುವುದೂ ಇಳಿಯುತ್ತದೆ. ಗ್ಲೂಕೋಸು ಇಳಿದಾಗ ಮರಿಯ ಇನ್ಸುಲಿನ್ ಇಳಿಯುತ್ತದೆ, ಇನ್ಸುಲಿನ್ ಇಳಿದಾಗ ಐಜಿಎಫ್-1 ಇಳಿಯುತ್ತದೆ. ಸ್ನಾಯು ಮತ್ತು ಎಲುಬಿಗೆ ಬೆಳೆಯುವ ಸೂಚನೆಯೇ ನಿಂತುಹೋಗುತ್ತದೆ. ಗರ್ಭದಲ್ಲಿರುವ ಮರಿಯಲ್ಲಿ ಐಜಿಎಫ್-1ರ ಮಟ್ಟ ಬೆಳವಣಿಗೆ ಹಾರ್ಮೋನಿಗಿಂತ ಹೆಚ್ಚಾಗಿ ತಾಯಿಯಿಂದ ಬರುವ ಪೋಷಣೆಗೆ ಕಟ್ಟುಬಿದ್ದಿರುತ್ತದೆ. ಹೀಗಾಗಿ ಗಬ್ಬದ ಕುರಿಯ ಮುಂದಿಟ್ಟ ಒಂದು ಹಿಡಿ ಹಿಂಡಿಗೂ ಮರಿಯ ರಕ್ತದಲ್ಲಿರುವ ಈ ಕಾರಕಕ್ಕೂ ನೇರ ಸಂಬಂಧವಿದೆ.

ತಾಯಿಯ ಮೈಯಲ್ಲೂ ಇದೇ ಕಾಲಕ್ಕೆ ದೊಡ್ಡ ಹೊಂದಾಣಿಕೆ ನಡೆಯುತ್ತದೆ. ಮೇವು ಕಡಿಮೆಯಾದಾಗ ಬೆಳವಣಿಗೆ ಹಾರ್ಮೋನು ಏರಿ ಐಜಿಎಫ್-1 ಇಳಿಯುತ್ತದೆ. ತಾಯಿ ತನ್ನ ಮೈ ಕಟ್ಟಿಕೊಳ್ಳುವುದನ್ನು ನಿಲ್ಲಿಸಿ, ಕೂಡಿಟ್ಟ ಕೊಬ್ಬನ್ನು ಕರಗಿಸಿ ಮರಿಗೂ ಕೆಚ್ಚಲಿಗೂ ಸಾಗಿಸುತ್ತದೆ. ಅವಳಿ ಮರಿ ಹೊತ್ತ ಕುರಿಯಲ್ಲಿ ಈ ಕೊಬ್ಬು ಕರಗುವಿಕೆ ಮಿತಿಮೀರಿದರೆ ರಕ್ತದಲ್ಲಿ ಕೀಟೋನುಗಳು ತುಂಬಿ, ಕುರಿ ಮೇವು ಬಿಟ್ಟು, ಮಂಕಾಗಿ, ನೆಲ ಹಿಡಿಯುತ್ತದೆ. ಗಬ್ಬದ ನಂಜು ಎಂದು ಪಶುವೈದ್ಯರು ಕರೆಯುವ ಈ ರೋಗಕ್ಕೆ ಮೂಲ ಕೊನೆಯ ವಾರಗಳ ಹಸಿವು.

ಹುಟ್ಟಿನ ಹೊಸ್ತಿಲಲ್ಲಿ

ಗರ್ಭದ ಕೊನೆಯ ಎರಡು ಮೂರು ವಾರಗಳಲ್ಲಿ ಮರಿಯ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಸುರಿಸತೊಡಗುತ್ತದೆ. ಮರಿ ಹೊರಗೆ ಬಂದು ಬದುಕಲು ಬೇಕಾದ ಸಿದ್ಧತೆಯನ್ನೆಲ್ಲ ಇದೇ ನಡೆಸುತ್ತದೆ. ಶ್ವಾಸಕೋಶ ಬಲಿಯುತ್ತದೆ, ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಕೂಡುತ್ತದೆ, ಕರುಳು ಹಾಲಿಗೆ ಅಣಿಯಾಗುತ್ತದೆ. ಜೊತೆಗೆ ಯಕೃತ್ತಿನಲ್ಲಿ ಐಜಿಎಫ್-2ರ ವಂಶವಾಹಿ ತಣ್ಣಗಾಗಿ ಬೆಳವಣಿಗೆ ಹಾರ್ಮೋನಿನ ಗ್ರಾಹಕಗಳು ಹೆಚ್ಚುತ್ತವೆ, ಐಜಿಎಫ್-1 ಆಡಳಿತಕ್ಕೆ ಬರುತ್ತದೆ. ಗರ್ಭದ ಬೆಳವಣಿಗೆ ಪದ್ಧತಿ ಮುಗಿದು ಹೊರಲೋಕದ ಪದ್ಧತಿ ಆರಂಭವಾಗುವುದು ಈ ತಿರುವಿನಲ್ಲಿ.

ಹೆರಿಗೆಯನ್ನು ಶುರುಮಾಡುವುದು ತಾಯಿಯಲ್ಲ, ಮರಿಯೇ ಎಂಬುದನ್ನು ತೋರಿಸಿಕೊಟ್ಟದ್ದೂ ಕುರಿ. ನ್ಯೂಜಿಲೆಂಡಿನ ವೈದ್ಯ ಗ್ರಹಾಂ ಲಿಗಿನ್ಸ್ 1960ರ ದಶಕದಲ್ಲಿ ಗರ್ಭದ ಕುರಿಮರಿಗೆ ಸ್ಟೀರಾಯ್ಡ್ ಕೊಟ್ಟಾಗ ಕುರಿ ದಿನ ತುಂಬುವ ಮೊದಲೇ ಈದಿತು. ಆದರೂ ಹಾಗೆ ಹುಟ್ಟಿದ ಮರಿ ನಿರೀಕ್ಷೆ ಮೀರಿ ಉಸಿರಾಡಿತು. ಈ ಸುಳಿವು ಹಿಡಿದು ಲಿಗಿನ್ಸ್ ಮತ್ತು ಹೋವಿ 1972ರಲ್ಲಿ, ಅವಧಿಗೆ ಮುನ್ನ ಹೆರುವ ಸಂಭವವಿರುವ ಗರ್ಭಿಣಿಯರಿಗೆ ಇಂಥದೇ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಹೆಚ್ಚು ಶಿಶುಗಳು ಬದುಕುತ್ತವೆ ಎಂದು ಪ್ರಕಟಿಸಿದರು. ಇಂದು ಜಿಲ್ಲಾಸ್ಪತ್ರೆಗಳಲ್ಲೂ ಕೊಡುವ ಆ ಚಿಕಿತ್ಸೆ ಕುರಿಮರಿಯಿಂದ ಮನುಷ್ಯನಿಗೆ ಬಂದದ್ದು.

ಮರಿಯ ಕಾರ್ಟಿಸಾಲ್ ಏರಿದ ಹಾಗೆ ತಾಯಿಯಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿಯುತ್ತದೆ. ಅದು ಇಳಿದಾಗ ಗರ್ಭಕೋಶ ಹಿಂಡಲಾರಂಭಿಸುತ್ತದೆ ಮತ್ತು ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಏರಿ ಕೆಚ್ಚಲು ಬಿರಿಯುತ್ತದೆ. ಹೆರಿಗೆ ಮತ್ತು ಹಾಲು ಒಂದೇ ಗಳಿಗೆಗೆ ಕೂಡಿ ಬರುವುದು ಹೀಗೆ.

ಕುದುರೆಮರಿಯ ಬೇರೆ ದಾರಿ

ಕುದುರೆಯಲ್ಲಿ ಇದೇ ಘಟನೆಗಳು ಬೇರೆ ಗಡಿಯಾರದಲ್ಲಿ ನಡೆಯುತ್ತವೆ. ಚಿತ್ರದುರ್ಗದ ಪಾಳೆಯಗಾರರ ಕಾಲದಲ್ಲಿ ಕುದುರೆ ಯುದ್ಧದ ಬಲವಾಗಿತ್ತು. ಈಗ ಈ ಭಾಗಕ್ಕೆ ಹತ್ತಿರದ ದೊಡ್ಡ ಕುದುರೆ ಸಾಕಣೆಯ ನೆಲೆ ಎಂದರೆ ತುಮಕೂರು ಜಿಲ್ಲೆಯ ಕುಣಿಗಲ್ ಸ್ಟಡ್ ಫಾರಂ. ಟಿಪ್ಪು ಸುಲ್ತಾನನ ಕಾಲದಲ್ಲಿ ದಂಡಿನ ಕುದುರೆಗಳಿಗಾಗಿ ಶುರುವಾದ ಅದು ಮುಂದೆ ರೇಸ್ ಕುದುರೆಗಳ ತಳಿ ಬೆಳೆಸುವ ಕೇಂದ್ರವಾಯಿತು.

ಹೆಣ್ಣು ಕುದುರೆಯ ಗಬ್ಬ ಸುಮಾರು ಹನ್ನೊಂದು ತಿಂಗಳು. ಅದರ ಮಾಸು ಗರ್ಭಕೋಶದ ಇಡೀ ಒಳಗೋಡೆಗೆ ಹಾಸಿಕೊಂಡಿರುತ್ತದೆ. ಆದ್ದರಿಂದ ಮರಿಯ ಗಾತ್ರ ತಾಯಿಯ ಗರ್ಭಕೋಶದ ಗಾತ್ರಕ್ಕೆ ನೇರವಾಗಿ ಅಂಟಿಕೊಂಡಿದೆ. 1938ರಲ್ಲಿ ಇಂಗ್ಲೆಂಡಿನ ವಾಲ್ಟನ್ ಮತ್ತು ಹ್ಯಾಮಂಡ್ ಒಂದು ಹೆಸರಾಂತ ಪ್ರಯೋಗದಲ್ಲಿ ದೈತ್ಯ ಶೈರ್ ಕುದುರೆ ಮತ್ತು ಪುಟ್ಟ ಶೆಟ್ಲೆಂಡ್ ಪೋನಿಗಳ ನಡುವೆ ಎರಡೂ ಬಗೆಯಲ್ಲಿ ಸಂಕರ ಮಾಡಿಸಿದರು. ತಂದೆತಾಯಿಯ ರಕ್ತ ಸಮಪಾಲಾಗಿದ್ದರೂ ಶೈರ್ ತಾಯಿಯ ಮರಿ ಶೆಟ್ಲೆಂಡ್ ತಾಯಿಯ ಮರಿಗಿಂತ ಮೂರು ಪಟ್ಟಿನಷ್ಟು ದೊಡ್ಡದಾಗಿ ಹುಟ್ಟಿತು, ಬೆಳೆದ ಮೇಲೂ ಆ ಅಂತರ ಪೂರ್ತಿ ಅಳಿಯಲಿಲ್ಲ. ಗರ್ಭದೊಳಗಿನ ಪೋಷಣೆ ಆಯುಷ್ಯದುದ್ದಕ್ಕೂ ಗುರುತು ಉಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ಸಾಕ್ಷಿ ಇಲ್ಲ.

ಕುದುರೆಯ ಗರ್ಭಕೋಶದ ಗ್ರಂಥಿಗಳು ಇಜಿಎಫ್ ತಯಾರಿಸುತ್ತವೆ, ಮರಿಯ ಕಡೆಯ ಪೊರೆ ಐಜಿಎಫ್-2 ತಯಾರಿಸುತ್ತದೆ. ಎರಡೂ ಸೇರಿ ಮಾಸನ್ನು ಬೆಳೆಸುತ್ತವೆ. ಆದರೆ ಕಾರ್ಟಿಸಾಲಿನ ಏರಿಕೆ ಕುರಿಯಲ್ಲಿ ವಾರಗಟ್ಟಲೆ ನಡೆದರೆ ಕುದುರೆಮರಿಯಲ್ಲಿ ಹುಟ್ಟಿಗೆ ಕೇವಲ ಒಂದೆರಡು ದಿನ ಮೊದಲು ನಡೆಯುತ್ತದೆ. ಹಾಗಾಗಿ ದಿನ ಎಣಿಸಿ ಕುದುರೆಗೆ ಹೆರಿಗೆ ಮಾಡಿಸುವುದು ಅಪಾಯ. ಕಾರ್ಟಿಸಾಲ್ ಏರುವ ಮೊದಲೇ ಹೊರಬಂದ ಮರಿ ನಿಲ್ಲಲಾರದು, ಚೀಪಲಾರದು, ಉಸಿರಾಡಲೂ ಕಷ್ಟಪಡುತ್ತದೆ. ದಿನ ತುಂಬಿ ಆರೋಗ್ಯವಾಗಿ ಹುಟ್ಟಿದ ಮರಿಯ ರಕ್ತದಲ್ಲಿ ಐಜಿಎಫ್-1 ಮೊದಲ ವಾರಗಳಲ್ಲಿ ಏರುತ್ತ ಹೋಗುತ್ತದೆ. ಸೋಂಕು ತಗಲಿದ ಮರಿಯಲ್ಲಿ ಬೆಳವಣಿಗೆ ಹಾರ್ಮೋನು ಹೆಚ್ಚಿದ್ದರೂ ಐಜಿಎಫ್-1 ತಳದಲ್ಲೇ ಉಳಿಯುತ್ತದೆ, ಏಕೆಂದರೆ ರೋಗಪೀಡಿತ ಯಕೃತ್ತು ಹಾರ್ಮೋನಿನ ಮಾತು ಕೇಳುವುದಿಲ್ಲ.

ಕುದುರೆ ಸಾಕುವವರು ಹುಟ್ಟಿದ ಮರಿಯನ್ನು ಸರಳ ಲೆಕ್ಕವೊಂದರಿಂದ ಅಳೆಯುತ್ತಾರೆ. ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆ ಹಿಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಇದರಲ್ಲಿ ಯಾವುದು ತಪ್ಪಿದರೂ ವೈದ್ಯರನ್ನು ಕರೆಯುತ್ತಾರೆ.

ಗಿಣ್ಣಿನಲ್ಲಿ ಏನಿದೆ

ಮನುಷ್ಯರ ಶಿಶು ತಾಯಿಯ ರೋಗನಿರೋಧಕ ಪ್ರತಿಕಾಯಗಳನ್ನು ಗರ್ಭದಲ್ಲೇ ಪಡೆದು ಹುಟ್ಟುತ್ತದೆ. ಕುರಿ, ಮೇಕೆ, ದನ, ಕುದುರೆಗಳ ಮಾಸಿನ ಪದರಗಳು ದಪ್ಪವಾಗಿರುವುದರಿಂದ ಪ್ರತಿಕಾಯಗಳು ಅದನ್ನು ದಾಟಲಾರವು. ಇವುಗಳ ಮರಿಗಳು ಬಹುತೇಕ ರಕ್ಷಣೆಯಿಲ್ಲದೆ ಹುಟ್ಟುತ್ತವೆ. ಆ ಕೊರತೆ ತುಂಬುವುದು ಗಿಣ್ಣು. ಈಯುವ ಕೆಲವು ವಾರ ಮೊದಲಿನಿಂದ ತಾಯಿಯ ರಕ್ತದಲ್ಲಿನ ಪ್ರತಿಕಾಯಗಳು ಕೆಚ್ಚಲಿಗೆ ಸೇರುತ್ತ ಬರುತ್ತವೆ.

ಆಕಳಿನ ಸಾಮಾನ್ಯ ಹಾಲಿನಲ್ಲಿ ಪ್ರೋಟೀನು ಶೇ 3ಕ್ಕೆ ತುಸು ಹೆಚ್ಚು, ಮೊದಲ ಗಿಣ್ಣಿನಲ್ಲಿ ಶೇ 14ರ ಆಸುಪಾಸು. ಅಡುಗೆಮನೆಯಲ್ಲಿ ಇದು ಕಣ್ಣಾರೆ ಕಾಣುತ್ತದೆ. ಗಿಣ್ಣು ಹಾಲಿಗೆ ಬೆಲ್ಲ, ಏಲಕ್ಕಿ ಬೆರೆಸಿ ಹಬೆಯಲ್ಲಿಟ್ಟರೆ ಹೆಪ್ಪು, ಹುಳಿ ಏನೂ ಹಾಕದೆಯೇ ಅದು ಗಟ್ಟಿಯಾಗಿ ಕೂರುತ್ತದೆ, ಚಾಕುವಿನಿಂದ ಕತ್ತರಿಸಬಹುದು. ಬಿಸಿಗೆ ಗಟ್ಟಿಯಾಗುವ ಆ ಪ್ರೋಟೀನಿನ ದೊಡ್ಡ ಪಾಲು ಕರುವಿಗೆ ಹೋಗಬೇಕಾದ ಪ್ರತಿಕಾಯಗಳೇ. ಮೂರನೆಯ, ನಾಲ್ಕನೆಯ ದಿನದ ಹಾಲು ಅಷ್ಟು ಚೆನ್ನಾಗಿ ಕೂರುವುದಿಲ್ಲ, ಅಷ್ಟರಲ್ಲಿ ಪ್ರತಿಕಾಯಗಳು ಕಡಿಮೆಯಾಗಿರುತ್ತವೆ.

ಪ್ರತಿಕಾಯಗಳ ಜೊತೆಗೆ ಗಿಣ್ಣಿನಲ್ಲಿ ಐಜಿಎಫ್-1, ಐಜಿಎಫ್-2, ಇಜಿಎಫ್ ಜಾತಿಯ ಕಾರಕಗಳು, ಟಿಜಿಎಫ್-ಬೀಟಾ ಎಂಬ ಮತ್ತೊಂದು ಬೆಳವಣಿಗೆ ಕಾರಕ, ಇನ್ಸುಲಿನ್ ಇವೆಲ್ಲ ಇವೆ. ಮುಂದಿನ ದಿನಗಳ ಹಾಲಿಗೆ ಹೋಲಿಸಿದರೆ ಗಿಣ್ಣಿನಲ್ಲಿ ಐಜಿಎಫ್-1 ಹತ್ತಾರು ಪಟ್ಟು ಹೆಚ್ಚಿದ್ದು, ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ. ಇವು ಹೊಟ್ಟೆಯಲ್ಲಿ ಜೀರ್ಣವಾಗಿ ಹಾಳಾಗದಂತೆ ಗಿಣ್ಣಿನಲ್ಲೇ ಕಾವಲಿದೆ. ಪ್ರೋಟೀನು ಕತ್ತರಿಸುವ ಟ್ರಿಪ್ಸಿನ್ನನ್ನು ತಡೆಯುವ ಅಂಶ ಅದರಲ್ಲಿದೆ, ಹಾಲಿನ ಕೇಸಿನ್ ಕೂಡ ಕಾರಕಗಳಿಗೆ ಮರೆಯಾಗುತ್ತದೆ. ಮೊದಲ ದಿನ ಮರಿಯ ಹೊಟ್ಟೆಯಲ್ಲಿ ಆಮ್ಲವೂ ಕಡಿಮೆ.

ಗಿಣ್ಣಿನ ಬೆಳವಣಿಗೆ ಕಾರಕಗಳು ಹೆಚ್ಚಾಗಿ ಕೆಲಸ ಮಾಡುವುದು ಕರುಳಿನಲ್ಲಿ. ಗಿಣ್ಣು ಕುಡಿದ ಮರಿಯ ಕರುಳು ಮೊದಲ ದಿನಗಳಲ್ಲೇ ತೂಕ ಹೆಚ್ಚಿಸಿಕೊಳ್ಳುತ್ತದೆ. ಒಳಗೋಡೆಯ ಬೆರಳಿನಾಕಾರದ ಮಡಿಕೆಗಳು ಉದ್ದವಾಗಿ, ಹಾಲಿನ ಸಾರ ಹೀರುವ ಜಾಗ ವಿಸ್ತಾರವಾಗುತ್ತದೆ. ರಕ್ತದಲ್ಲಿ ಸುತ್ತುವ ಐಜಿಎಫ್-1ನ್ನು ಮರಿಯ ಯಕೃತ್ತೇ ತಯಾರಿಸಬೇಕು, ಅದಕ್ಕೆ ಬೇಕಾದ ಶಕ್ತಿ ಮತ್ತು ಪ್ರೋಟೀನು ಹೊಟ್ಟೆತುಂಬ ಸಿಕ್ಕ ಹಾಲಿನಿಂದ ಬರಬೇಕು. ಗಿಣ್ಣು ಕರುಳನ್ನು ಸಿದ್ಧಮಾಡುತ್ತದೆ, ಸಿದ್ಧವಾದ ಕರುಳು ಹಾಲನ್ನು ಬಳಸಿಕೊಳ್ಳುತ್ತದೆ, ಹಾಲಿನಿಂದ ಯಕೃತ್ತು ಐಜಿಎಫ್-1 ತಯಾರಿಸುತ್ತದೆ, ಅದು ಎಲುಬು ಮತ್ತು ಮಾಂಸವನ್ನು ಬೆಳೆಸುತ್ತದೆ. ಈ ಸರಪಳಿಯ ಮೊದಲ ಕೊಂಡಿ ತಪ್ಪಿದರೆ ಮುಂದಿನದೆಲ್ಲ ತಡವಾಗುತ್ತದೆ.

ಪ್ರತಿಕಾಯಗಳ ವಿಷಯದಲ್ಲಂತೂ ಗಡುವು ಕಟ್ಟುನಿಟ್ಟು. ಹುಟ್ಟಿದ ಮರಿಯ ಕರುಳು ದೊಡ್ಡ ಪ್ರೋಟೀನುಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವುದು ಸುಮಾರು 24 ಗಂಟೆ ಮಾತ್ರ. ಮೊದಲ ಆರು ಗಂಟೆಯಲ್ಲಿ ಈ ದಾರಿ ಚೆನ್ನಾಗಿ ತೆರೆದಿರುತ್ತದೆ, ಆಮೇಲೆ ಮುಚ್ಚುತ್ತ ಬರುತ್ತದೆ. ಎರಡನೆಯ ದಿನ ಎಷ್ಟು ಗಿಣ್ಣು ಕುಡಿಸಿದರೂ ಪ್ರತಿಕಾಯಗಳು ರಕ್ತ ಸೇರುವುದಿಲ್ಲ.

ದುರ್ಗದ ಗಾಳಿ ಮತ್ತು ಒದ್ದೆ ಮರಿ

ಚಿತ್ರದುರ್ಗ ಗಾಳಿಯ ಸೀಮೆ. ಜೋಗಿಮಟ್ಟಿಯ ಸುತ್ತಲ ಬೆಟ್ಟಸಾಲುಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ಅದಕ್ಕೇ. ಮುಂಗಾರು ಬಿದ್ದು ಹುಲ್ಲು ಚಿಗುರಿದಾಗ ಟಗರು ಹಾರಿದ ಕುರಿಗಳು ಐದು ತಿಂಗಳಿಗೆ, ಚಳಿ ಬೀಳುವ ಹೊತ್ತಿಗೆ ಈಯುತ್ತವೆ. ಬೇಸಿಗೆಯ ಮೊದಲಲ್ಲಿ ಗಬ್ಬ ಕಟ್ಟಿದವು ಆಷಾಢದ ಗಾಳಿ, ಜಿನುಗುಮಳೆಯಲ್ಲಿ ಈಯುತ್ತವೆ. ಎರಡೂ ಕಾಲದಲ್ಲಿ ಒದ್ದೆ ಮೈಯ ಎಳೆಮರಿಗೆ ಗಾಳಿಯೇ ಮೊದಲ ಶತ್ರು.

ಹುಟ್ಟಿದ ಮರಿಯ ಮೂತ್ರಪಿಂಡದ ಸುತ್ತ ಕಂದು ಬಣ್ಣದ ವಿಶೇಷ ಕೊಬ್ಬು ಇರುತ್ತದೆ. ನಡುಕವಿಲ್ಲದೆಯೇ ಶಾಖ ಉತ್ಪಾದಿಸುವುದು ಅದರ ಕೆಲಸ. ಹೊಟ್ಟೆಗೆ ಹಾಲು ಬೀಳದಿದ್ದರೆ ಈ ದಾಸ್ತಾನು ಗಂಟೆಗಳ ಲೆಕ್ಕದಲ್ಲಿ ಖಾಲಿಯಾಗುತ್ತದೆ. ಕೊನೆಯ ವಾರಗಳಲ್ಲಿ ತಾಯಿ ಹಸಿದಿದ್ದರೆ ಮರಿ ಹುಟ್ಟುವಾಗಲೇ ಈ ಕೊಬ್ಬು ಕಡಿಮೆ ಇರುತ್ತದೆ. ಮೈ ತಣ್ಣಗಾದ ಮರಿ ಎದ್ದು ಮೊಲೆ ಹುಡುಕುವುದಿಲ್ಲ, ಮೊಲೆ ಹಿಡಿಯದ ಮರಿಗೆ ಶಾಖ ಹುಟ್ಟುವುದಿಲ್ಲ. ಮರಿಯ ಬಾಯೊಳಗೆ ಬೆರಳಿಟ್ಟು ನೋಡಿದರೆ ಸಾಕು. ಬೆಚ್ಚಗಿದ್ದು ಬೆರಳನ್ನು ಚೀಪಿದರೆ ಮರಿ ಕ್ಷೇಮ. ಬಾಯಿ ತಣ್ಣಗಿದ್ದು ಚೀಪದಿದ್ದರೆ ಕೂಡಲೇ ಒಣಬಟ್ಟೆಯಿಂದ ಒರೆಸಿ, ಕಂಬಳಿಯಲ್ಲಿ ಸುತ್ತಿ, ಗಾಳಿ ಮರೆಯಲ್ಲಿ ಬೆಚ್ಚಗಿಟ್ಟು, ಪಶುವೈದ್ಯರ ನೆರವು ಪಡೆಯಬೇಕು. ತೀರಾ ತಣ್ಣಗಾದ ಮರಿಗೆ ಬಾಯಿಂದ ಹಾಲು ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ಜೀವಕ್ಕೆ ಕುತ್ತಾಗಬಹುದು.

ಕುರಿಗಾರರು ಮಾಡಬೇಕಾದದ್ದು

ಮೊದಲನೆಯದು ಗಬ್ಬದ ಕೊನೆಯ ಆರು ವಾರಗಳ ಮೇವು. ಬೀಳಿನಲ್ಲಿ ಮೇಯ್ದು ಬಂದ ಕುರಿಗೆ ಸಂಜೆ ರೊಪ್ಪದಲ್ಲಿ 200ರಿಂದ 300 ಗ್ರಾಂ ತಿಂಡಿ ಕೊಟ್ಟರೆ ಬಹಳ ವ್ಯತ್ಯಾಸ ಕಾಣುತ್ತದೆ. ನುಚ್ಚು ಮೆಕ್ಕೆಜೋಳ, ಹುರುಳಿ, ಶೇಂಗಾ ಹಿಂಡಿ, ತೌಡು, ಖನಿಜ ಮಿಶ್ರಣ ಇವೆಲ್ಲ ಜಿಲ್ಲೆಯಲ್ಲೇ ಸಿಗುವ ವಸ್ತುಗಳು. ಒಕ್ಕಣೆಯ ನಂತರ ಉಳಿಯುವ ಶೇಂಗಾ ಬಳ್ಳಿ, ಉದುರಿದ ಜಾಲಿಕಾಯಿ ಕೂಡ ಒಳ್ಳೆಯ ಪೂರಕ. ಹೊಟ್ಟೆಯಲ್ಲಿ ಮರಿ ದೊಡ್ಡದಾದಂತೆ ಮೇವಿಗೆ ಜಾಗ ಕಡಿಮೆಯಾಗುವುದರಿಂದ ಬರೀ ಒಣಹುಲ್ಲು ಸಾಲದು, ಸ್ವಲ್ಪದರಲ್ಲೇ ಹೆಚ್ಚು ಸತ್ವವಿರುವ ತಿಂಡಿ ಬೇಕು.

ಎರಡನೆಯದು ಲಸಿಕೆ. ಕರುಳುಬೇನೆಯ ಲಸಿಕೆಯನ್ನು ಈಯುವ ನಾಲ್ಕರಿಂದ ಆರು ವಾರ ಮುನ್ನ ತಾಯಿಗೆ ಹಾಕಿಸಿದರೆ ಅದರ ಪ್ರತಿಕಾಯಗಳು ಗಿಣ್ಣಿನ ಮೂಲಕ ಮರಿಗೂ ದಾಟುತ್ತವೆ.

ಮೂರನೆಯದು ಗಿಣ್ಣು. ಮರಿಯ ತೂಕದ ಪ್ರತಿ ಕಿಲೋಗೆ 50 ಮಿಲಿಲೀಟರಿನಂತೆ ಹುಟ್ಟಿದ ಒಂದೆರಡು ಗಂಟೆಯಲ್ಲೇ, ದಿನ ಮುಗಿಯುವುದರೊಳಗೆ ಪ್ರತಿ ಕಿಲೋಗೆ 200 ಮಿಲಿಲೀಟರಿನಷ್ಟು ಹೊಟ್ಟೆ ಸೇರಬೇಕು. ಮೂರು ಕಿಲೋ ಮರಿಗೆ ಮೊದಲ ಬಾರಿ 150, ದಿನಕ್ಕೆ ಒಟ್ಟು 600 ಮಿಲಿಲೀಟರ್. ಮೊಲೆತೊಟ್ಟಿನ ತುದಿಯಲ್ಲಿ ಕಟ್ಟಿದ ಗಸಿಯನ್ನು ಒಂದೆರಡು ಧಾರೆ ಹಿಂಡಿ ತೆಗೆದು ಮರಿಯ ಬಾಯಿ ಹಿಡಿಸಬೇಕು. ತಾಯಿ ಸತ್ತರೆ ಅಥವಾ ಹಾಲಿಲ್ಲದಿದ್ದರೆ ಅದೇ ದಿನ ಈದ ಬೇರೆ ಕುರಿಯದೋ ಮೇಕೆಯದೋ ಗಿಣ್ಣು ಕುಡಿಸಬಹುದು, ಆಕಳಿನದೂ ಆಗುತ್ತದೆ. ಗಿಣ್ಣನ್ನು ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಡಬಹುದು. ಬೇಕಾದಾಗ ಉಗುರು ಬೆಚ್ಚಗಿನ ನೀರಿನಲ್ಲಿ ಪಾತ್ರೆಯಿಟ್ಟು ಕರಗಿಸಬೇಕೇ ಹೊರತು ಕುದಿಸಬಾರದು. ಕುದಿಸಿದರೆ ಪ್ರತಿಕಾಯಗಳು ಗಟ್ಟಿಯಾಗಿ ನಿಷ್ಪ್ರಯೋಜಕವಾಗುತ್ತವೆ.

ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚುವುದನ್ನೂ ಮರೆಯಬಾರದು, ಮಣ್ಣಿನ ಸೋಂಕು ಒಳಗೆ ಹೋಗುವ ಹೆಬ್ಬಾಗಿಲು ಅದೇ.

ಮಾಸು ಬೀಳುವ ತನಕ ಕರುವಿಗೋ ಮರಿಗೋ ಹಾಲು ಬಿಡಬಾರದು ಎಂಬ ನಂಬಿಕೆ ಅನೇಕ ಹಳ್ಳಿಗಳಲ್ಲಿದೆ. ನಿಜಸಂಗತಿ ಅದಕ್ಕೆ ತದ್ವಿರುದ್ಧ. ಮರಿ ಚೀಪಿದಾಗ ತಾಯಿಯ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ಅದು ಹಾಲನ್ನು ಇಳಿಸುವುದಲ್ಲದೆ ಗರ್ಭಕೋಶವನ್ನೂ ಹಿಂಡಿ ಮಾಸು ಬೀಳಲು ನೆರವಾಗುತ್ತದೆ. ಮಾಸಿಗಾಗಿ ಕಾದು ಕೂತರೆ ಮಾಸೂ ತಡವಾಗುತ್ತದೆ, ಮರಿಯ ಕರುಳಿನ ದಾರಿಯೂ ಮುಚ್ಚುತ್ತದೆ. ಮೊದಲ ಹಾಲು ದಪ್ಪ, ಮರಿಗೆ ಅರಗುವುದಿಲ್ಲ ಎಂದು ಹಿಂಡಿ ಚೆಲ್ಲುವುದೂ ಇಂಥದೇ ತಪ್ಪು.

ಈ ವಿಷಯದಲ್ಲಿ ಅಮೃತಮಹಲ್ ದನ ಸಾಕಿದವರ ರೂಢಿ ಮಾದರಿಯಾದದ್ದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಈ ದನಗಳ ಮೂಲದಲ್ಲಿ ಹಳ್ಳಿಕಾರ್, ಹಾಗಲವಾಡಿಗಳ ಜೊತೆ ಚಿತ್ರದುರ್ಗದ ಬಗೆಯೂ ಸೇರಿದೆ. ಹೊಸದುರ್ಗಕ್ಕೆ ಅಂಟಿಕೊಂಡಿರುವ ಅಜ್ಜಂಪುರ ಇಂದಿಗೂ ಇದರ ಕೇಂದ್ರ. ಈ ಆಕಳುಗಳ ಹಾಲು ಕಡಿಮೆ, ಇರುವುದನ್ನು ಕರುವಿಗೇ ಬಿಡುವುದು ವಾಡಿಕೆ. ನೇಗಿಲು, ಗಾಡಿ, ದಂಡಿನ ಸಾಮಾನು ಎಳೆಯುವುದರಲ್ಲಿ ಅಮೃತಮಹಲ್ ಎತ್ತುಗಳು ಪಡೆದ ಹೆಸರಿಗೆ ತಳಿಯ ಗುಣ ಎಷ್ಟು ಕಾರಣವೋ ಕರುವಿನ ಪಾಲನ್ನು ಕಿತ್ತುಕೊಳ್ಳದ ಆ ಪದ್ಧತಿಯೂ ಅಷ್ಟೇ ಕಾರಣ ಎನ್ನಬಹುದು.

ಮೊದಲ ದಿನ ಹೊಟ್ಟೆತುಂಬ ಗಿಣ್ಣು, ಆಮೇಲೆ ತಾಯಿಯ ಹಾಲು ಸಿಕ್ಕ ಕುರಿಮರಿ ದಿನಕ್ಕೆ ನೂರು ಗ್ರಾಮಿನಷ್ಟು ತೂಕ ಕೂಡಿಸಿಕೊಂಡು ಮೂರು ತಿಂಗಳಿಗೆ ಹನ್ನೆರಡು ಕಿಲೋ ಆಸುಪಾಸಿಗೆ ಬರುತ್ತದೆ. ಇದಕ್ಕೆ ದುಬಾರಿ ಟಾನಿಕ್ ಬೇಕಿಲ್ಲ, ಚುಚ್ಚುಮದ್ದಿನ ಹಾರ್ಮೋನೂ ಬೇಕಿಲ್ಲ. ಮರಿಗೆ ಬೇಕಾದ ಬೆಳವಣಿಗೆ ಕಾರಕಗಳನ್ನೆಲ್ಲ ತಾಯಿಯ ಮೈ ಮತ್ತು ಮರಿಯ ಮೈ ತಾವೇ ತಯಾರಿಸುತ್ತವೆ, ಅದಕ್ಕೆ ಕಚ್ಚಾ ಸಾಮಗ್ರಿ ಒದಗಿಸುವುದಷ್ಟೇ ಸಾಕುವವರ ಕೆಲಸ. ಅನುಮಾನ ಬಂದಾಗ ಹತ್ತಿರದ ಪಶು ಆಸ್ಪತ್ರೆ ಇದೆ, 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ಆಂಬುಲೆನ್ಸ್ ಇದೆ, ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಗಬ್ಬದ ಕುರಿಗೆ ಕೊನೆಯ ಆರು ವಾರ ಹಿಡಿ ತಿಂಡಿ ಹೆಚ್ಚು ಹಾಕಿ, ಮರಿ ಕುಡಿದು ತೃಪ್ತಿಯಾಗುವ ತನಕ ಮನೆಯ ಗಿಣ್ಣಿನ ಪಾತ್ರೆ ಕಾಯಲಿ.